ಬೆನ್ನ ಹಿಂದಿನ ಬಟ್ಟಲು

ಅವನ ಕಿವಿಗಳು ಮುಖಕ್ಕೆ ಅಳತೆ ತಪ್ಪಿದಷ್ಟು ದೊಡ್ಡವು, ಒಳಗೆ ಬಿಳಿ ಕೂದಲು. ಟ್ರೈಪಾಡಿನ ಸ್ಕ್ರೂ ಸಡಿಲಾದರೂ ಆ ಕಿವಿಗೆ ಗೊತ್ತಾಗುತ್ತಿತ್ತು. ಕೊಲ್ಲಿ ದೇಶದ ಸುವೈಕ್‌ನ ರಸ್ತೆ ಕಾಮಗಾರಿಯಲ್ಲಿ ನಮ್ಮ ಹಿರಿಯ ಸರ್ವೇಯರ್, ಚೀನಾದವನು, ಎಲ್ಲರಿಗೂ ಚಾಚಾ. ಊರಲ್ಲಿ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕೇ ಆ ವಯಸ್ಸಿನಲ್ಲೂ ಬಿಸಿಲಲ್ಲಿ ನಿಲ್ಲುತ್ತಿದ್ದ. ಬಾಗಲಕೋಟೆಯಿಂದ ಬಂದ ನನಗೆ ಲೆವೆಲ್ ಹಿಡಿಯಲು ಕಲಿಸಿದವನು ಅವನೇ. ‘ನಿನ್ನ ಎಡಗಾಲಿನ ಬೂಟು ಅಳುತ್ತದೆ, ಎಣ್ಣೆ ಹಾಕು’ ಎಂದು ಹರಕು ಹಿಂದಿಯಲ್ಲಿ ದಿನಾ ಅನ್ನುತ್ತಿದ್ದ. ನಾನು ಸೋಮಾರಿ, ಹಾಕಲಿಲ್ಲ.

ಚಹಾದ ಹೊತ್ತಿಗೆ ತನ್ನೂರಿನ ಓಟಿನ ಕಥೆ ಹೇಳುವನು. ಅಜ್ಜಿಗೆ ಓದು ಬಾರದು. ಚುನಾವಣೆಗೆ ನಿಂತವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು, ಬೆನ್ನ ಹಿಂದೆ ಮಣ್ಣಿನ ಬಟ್ಟಲು; ಬೇಕಾದವನ ಬಟ್ಟಲಿಗೆ ಅಜ್ಜಿ ಒಂದು ಕಾಳು ಹಾಕುವಳು. ಅವನ ಕಾಲಕ್ಕೆ ಕಾಳು ಹೋಗಿ ಗೋಡೆಬರಹ ಬಂತು. ಕ್ರಾಂತಿಯ ದ್ರೋಹಿಗಳ ಹೆಸರನ್ನು ಶಾಲಾಮಕ್ಕಳೇ ಬರೆಯಬೇಕು. ‘ನಾನು ಗಣಿತದ ಮೇಷ್ಟರ ಹೆಸರು ಬರೆದೆ. ಅಕ್ಷರ ಚೆಂದ ಬಂದಿತ್ತು.’ ಮೇಷ್ಟರನ್ನು ಎತ್ತಲೋ ಒಯ್ದರು, ಮರಳಲಿಲ್ಲ. ಮುಂದೆ ದೊಡ್ಡವನಾಗಿ ಊರ ಮುಖ್ಯಸ್ಥನ ಚುನಾವಣೆಯಲ್ಲಿ ಚಾಚಾ ಚೀಟಿ ಹಾಕಿದ. ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿತ್ತು. ಈಗ ಮಗ ಮೊಬೈಲಿನಲ್ಲಿ ಸರ್ಕಾರದ ಮೇಲೆ ದೂರು ಬರೆಯುತ್ತಾನಂತೆ, ಚಹಾ ಆರುವುದರೊಳಗೆ ಬರೆದದ್ದು ಮಾಯ. ಕೇಳಿ ನಾವೆಲ್ಲ ನಗುತ್ತಿದ್ದೆವು.

ತೈಲದ ಬೆಲೆ ಬಿತ್ತು, ಕೆಲಸ ಕುಂಟಿತು. ಮಂಗಳೂರಿನ ಮ್ಯಾನೇಜರ್ ಸರ್ವೇ ತಂಡದ ಏಳೂ ಜನರನ್ನು ಕರೆದರು.

‘ಒಬ್ಬರು ಹೋಗ್ಬೇಕು ಮಾರಾಯ್ರೆ, ಧಣಿ ಕಫೀಲ್ ಹೇಳಿ ಆಗಿದೆ. ಯಾರೂಂತ ನೀವೇ ಹೇಳಿ, ನನ್ನ ತಲೆಗೆ ಬೇಡ. ಚಾಚಾನ ಕಾಳಿನ ಓಟು ಉಂಟಲ್ಲ, ಅದೇ ಮಾಡುವ.’

‘ಅಜ್ಜಿ ಬೇಕಾದವನಿಗೆ ಹಾಕುತ್ತಿದ್ದಳು, ಬೇಡದವನಿಗಲ್ಲ’ ಎಂದ ಚಾಚಾ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಡುಗೆಮನೆಯಿಂದ ಕಡಲೆಕಾಳು, ಸ್ಟೀಲ್ ಬಟ್ಟಲು ಬಂದವು. ಎಲ್ಲರೂ ಗೋಡೆಗೆ ಮುಖ ಮಾಡಿ ಕುಳಿತೆವು. ಸರದಿ ಬಂದವನು ಎದ್ದುಹೋಗಿ ಕಾಳು ಹಾಕಬೇಕು. ನನ್ನ ಸಂಸಾರವಿದ್ದ ಅಲ್ ಗುಬ್ರಾದ ಫ್ಲ್ಯಾಟು, ಮಗಳ ಶಾಲೆ ಕಣ್ಣ ಮುಂದಿದ್ದವು. ಮುದುಕನಲ್ಲವೇ, ಇನ್ನೆಷ್ಟು ದಿನ ದುಡಿದಾನು ಎಂದುಕೊಂಡೆ. ಥೂ, ನನ್ನ ಜನ್ಮಕ್ಕೆ. ಅವನ ಹಿಂದೆ ನಿಂತು ಕಾಳು ಬಿಟ್ಟೆ, ಟಣ್ ಎಂದಿತು. ದೊಡ್ಡ ಕಿವಿ ಸ್ವಲ್ಪ ಅಲುಗಿತು.

ಅವನ ಬಟ್ಟಲಲ್ಲಿ ಮೂರು ಕಾಳು, ನನ್ನದರಲ್ಲಿ ಎರಡು. ಖಲಾಸ್.

ವಿಮಾನ ನಿಲ್ದಾಣದ ಗಾಡಿ ಹತ್ತುವಾಗ ಚಾಚಾ ನನ್ನ ಕಾಲನ್ನೇ ನೋಡಿದ.

‘ನಾನು ಮೇಷ್ಟರ ಹೆಸರನ್ನು ದೊಡ್ಡದಾಗಿ ಬರೆದಿದ್ದೆ. ನೀನು ಬೆನ್ನ ಹಿಂದೆ ಕಾಳು ಹಾಕಿದೆ, ಬೂಟು ಅತ್ತಿತು. ಬೂಟಿಗೆ ಎಣ್ಣೆ ಹಾಕು, ಮುಂದಿನ ಸಲಕ್ಕೆ ಬೇಕು.’

ಆ ಬೇಸಿಗೆ ಮುಗಿಯುವುದರೊಳಗೆ ಅವನ ಹೆಂಡತಿ ಹೋದಳೆಂದು ಸುದ್ದಿ ಬಂತು. ಅದೇ ವಾರ ಮ್ಯಾನೇಜರ್ ಮತ್ತೆ ಬಟ್ಟಲು ತರಿಸಿದರು. ನನ್ನ ಬೂಟು ಸದ್ದು ಮಾಡಲಿಲ್ಲ.