ಡ್ರೈವರ್ ಸೀಟಿನ ಕೆಳಗಿನ ತುಕ್ಕು

ನಾನು ಸ್ಟೇರಿಂಗ್ ಹಿಡಿಯುವುದನ್ನು ಕಂಡರೆ ನಮ್ಮ ಅತ್ತೆಗೆ ಆಗುತ್ತಿರಲಿಲ್ಲ. ನನಗೆ ಅತ್ತೆಯನ್ನೇ ಕಂಡರೆ ಆಗುತ್ತಿರಲಿಲ್ಲ. ಇಬ್ಬರಿಗೂ ಸರಿಸಮ ಎನ್ನಬಹುದಿತ್ತು. ಆದರೆ ಮನೆ ಅವರದು, ವ್ಯಾನೂ ಅವರದು.

ಅದು ಮಾವ ಬಾಡಿಗೆಗೆ ಓಡಿಸುತ್ತಿದ್ದ ಹಳದಿ ಬೋರ್ಡಿನ ಹಳೇ ವ್ಯಾನು. ಅವರು ತೀರಿಕೊಂಡ ಮೇಲೆ ಹರದನಹಳ್ಳಿಯ ನಮ್ಮ ಮನೆ ಮುಂದಿನ ಬೇವಿನ ಮರದಡಿ ಕಾಗೆಗಳ ಪಾಲಾಗಿ ನಿಂತಿತ್ತು. ನನ್ನ ಗಂಡ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಹೊಡೆಯುವವರು. ವಾರಕ್ಕೊಮ್ಮೆ ಮನೆಗೆ ಬಂದರೆ ಹೊದ್ದು ಮಲಗುವುದೇ ಅವರ ಸಂಸಾರ. ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಬಟ್ಟೆ ಹೊಲಿಯುತ್ತೇನೆ. ಬಸ್ಸಿನ ಹೊತ್ತಿಗೂ ನಮ್ಮ ಶಿಫ್ಟಿಗೂ ಹೊಂದುತ್ತಿರಲಿಲ್ಲ. ಹಟ ಹಿಡಿದು ಡ್ರೈವಿಂಗ್ ಕಲಿತೆ, ಲೈಸೆನ್ಸ್ ಮಾಡಿಸಿದೆ, ನಮ್ಮೂರಿಂದ ಅದೇ ಕೆಲಸಕ್ಕೆ ಬರುವ ಹೆಂಗಸರನ್ನು ಕೂರಿಸಿಕೊಂಡು ವ್ಯಾನು ಓಡಿಸತೊಡಗಿದೆ. ಅತ್ತೆ ಪ್ರತಿ ಬೆಳಿಗ್ಗೆ ಜಗಲಿಯಲ್ಲಿ ಕೂತು, ನಾನು ಗೇರು ಹಾಕುವುದನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು.

ಹೋದ ವರ್ಷ, ಗಾಡಿ ಓಡಲು ಯೋಗ್ಯವೆಂದು ಆರ್‌ಟಿಒ ಆಫೀಸು ಕೊಡುವ ಎಫ್‌ಸಿ ಮಾಡಿಸುವ ಹೊತ್ತು ಬಂತು. ಮೆಕ್ಯಾನಿಕ್ ಬಗ್ಗಿ ನೋಡಿ, ಬಾಡಿಯೆಲ್ಲ ತುಕ್ಕು, ಡ್ರೈವರ್ ಸೀಟಿನ ಕೆಳಗಂತೂ ತಗಡೇ ಉಳಿದಿಲ್ಲ, ಹೀಗೇ ತೋರಿಸಿದರೆ ಪಾಸಾಗುವುದಿಲ್ಲ ಎಂದ. ಅತ್ತೆಯ ಮುಖ ಅರಳಿತು.

“ಗುಂಡ್ಲುಪೇಟ ಅಳಿಯಂಗ ಕೊಟ್ಬುಡ್ತೀನಿ. ಅವ ಸರಿ ಮಾಡಿಸ್ಕಂಡು ಊವು ಸಾಗಿಸ್ಕತನ” ಎಂದರು. ಅಳಿಯ ಎಂದರೆ ನನ್ನ ನಾದಿನಿಯ ಗಂಡ, ಹೂವಿನ ವ್ಯಾಪಾರದವನು. ಮಾವನ ತಿಥಿಯ ದಿನವೇ ವ್ಯಾನಿನ ಟೈರು ಒದ್ದು ನೋಡಿದ್ದ ಮಹಾನುಭಾವ.

“ನಾನೇ ರಿಪೇರಿ ಮಾಡ್ತೀನಿ” ಎಂದೆ.

“ಮಾಡಮ್ಮಿ ನೋಡನ. ಎಫ್‌ಸಿ ಆದ್ರ ನೀನೇ ಮಡಿಕ. ಆಗ್ದಿದ್ರ ಅಳಿಯಂಗ.”

ಮಾತು ಆಯಿತು. ವ್ಯಾನು ಹೋದರೆ ನನ್ನ ಕೆಲಸ ಹೋದ ಹಾಗೆ, ಕೆಲಸ ಹೋದರೆ ದಿನವಿಡೀ ಈ ಅತ್ತೆಯ ಎದುರಿಗೇ ಕೂರಬೇಕು. ಅದಕ್ಕಿಂತ ತುಕ್ಕು ಕೆರೆಯುವುದು ಎಷ್ಟೋ ವಾಸಿ.

ರಜೆ ಹಾಕಿ ಶುರು ಮಾಡಿದೆ. ಪರಿಚಯದ ಅಂಗಡಿಯಿಂದ ಗ್ರೈಂಡರ್ ತಂದೆ. ನನ್ನ ಗಂಡ ಪ್ರತಿ ವರ್ಷ ತುಕ್ಕಿನ ಮೇಲೇ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಹೊಟ್ಟೆಯೊಳಗೆ ಹುಣ್ಣಿಟ್ಟುಕೊಂಡು ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಬಾಗಿಲ ಅಂಚುಗಳಲ್ಲಿ ಉಬ್ಬಿದ್ದ ಆ ಬಣ್ಣವನ್ನೆಲ್ಲ ಉಳಿಯಿಂದ ಎಬ್ಬಿಸಿ, ವೈರ್ ಬ್ರಷ್ಷಿನಲ್ಲಿ ಉಜ್ಜಿ, ಬೆಳ್ಳಗೆ ತಗಡು ಕಾಣುವವರೆಗೂ ಬಿಡಲಿಲ್ಲ. ಮೂಗಿನ ತುಂಬ ಕೆಂಪು ಧೂಳು. ಅತ್ತೆ ಒಂದು ಲೋಟ ನೀರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಾಗಿಲು ಮುಗಿಸಿ ಡ್ರೈವರ್ ಸೀಟು ಬಿಚ್ಚಿದೆ. ಮ್ಯಾಟು ಎತ್ತಿದರೆ ಅದರಡಿಯಲ್ಲಿ ಒದ್ದೆ ಒದ್ದೆಯಾದ ಕಪ್ಪು ಬಟ್ಟೆಯ ಗಂಟುಗಳು, ಒಂದರ ಪಕ್ಕ ಒಂದು. ಬಿಚ್ಚಿ ನೋಡಿದೆ. ಕಲ್ಲುಪ್ಪು, ಕರಗಿ ನೀರಾಗಿ ಬಟ್ಟೆಯಿಂದ ಸೋರಿತ್ತು. ಜೊತೆಗೆ ಒಣ ಮೆಣಸಿನಕಾಯಿ, ಸಾಸಿವೆ. ದಿಷ್ಟಿಯ ಗಂಟು! ಅಮಾವಾಸ್ಯೆ ಅಮಾವಾಸ್ಯೆಗೆ ಅತ್ತೆ ಒಂದೊಂದು ತುರುಕಿದ್ದರು. ಹಳೆಯದನ್ನು ತೆಗೆಯುವ ಗೋಜಿಗೇ ಹೋಗಿರಲಿಲ್ಲ. ಉಪ್ಪು ಥಂಡಿ ಕುಡಿದೂ ಕುಡಿದೂ ತಗಡನ್ನು ತಿಂದು ಹಾಕಿತ್ತು. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯಿತು. ಕೆಳಗೆ ನೆಲ ಕಾಣಿಸಿತು.

ಮೊದಲು ಸಿಟ್ಟು ಬಂತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಕಣ್ಣು ತುಂಬಿಬಂತು. ಬಾಯಲ್ಲಿ ಬೆಂಕಿ ಉಗುಳುವ ಹೆಂಗಸು, ಒಳಗೊಳಗೇ ನನಗೇನೂ ಆಗದಿರಲಿ ಎಂದು ನಾನು ಕೂರುವ ಜಾಗದಲ್ಲೇ ಕಾಪು ಕಟ್ಟಿದ್ದಾರಲ್ಲ ಎನಿಸಿತು. ಗಂಟು ಹಿಡಿದು ಜಗಲಿಗೆ ಹೋದೆ.

“ಅತ್ತೆ, ಇದ ನನಗೋಸ್ಕರ ಕಟ್ಟಿದ್ರಾ?”

ಅತ್ತೆ ಎಲೆ ಅಡಿಕೆ ಉಗಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಂಗ್ಯಾಕಮ್ಮಿ ಕಟ್ಲಿ? ಗಾಡಿಗ ಕಟ್ದೆ. ನಿನ್ ಕಣ್ಣು ಬೀಳ್ದಿರ್ಲಿ ಅಂತ. ಮದ್ವ ಆಗಿ ಬಂದಾಗ್ಲಿಂದ ನಿನ್ ಕಣ್ಣು ಈ ಗಾಡಿ ಮ್ಯಾಲೇ. ಕಣ್ ಬಿದ್ದ ಮ್ಯಾಕೇ ಕಣಮ್ಮಿ ನಿಮ್ ಮಾವ ಮಲಗಿದ್ದು.”

ತುಂಬಿದ್ದ ಕಣ್ಣು ಅಲ್ಲೇ ಇಂಗಿತು. ಮಾವನಿಗೆ ಮಾತ್ರೆ ಕೊಟ್ಟವಳು ನಾನು, ಮೈ ಒರೆಸಿದವಳು ನಾನು. ಗಂಟುಗಳನ್ನೆಲ್ಲ ತಂದು ಅವರ ಕಾಲ ಬಳಿ ಸುರಿದೆ. “ಗಾಡಿ ತಿಂದದ್ದು ನನ್ ಕಣ್ಣಲ್ಲ, ನಿಮ್ ಉಪ್ಪು” ಎಂದು ಕಿರುಚಿದೆ. ಗಂಡನಿಗೆ ಫೋನ್ ಮಾಡಿ ಹೇಳಿದೆ. “ಇಬ್ರೂ ಒಸಿ ಸುಮ್ನಿರಿ” ಎಂದು ಇಟ್ಟರು. ಇನ್ನು ಯಾರಿಗೆ ಹೇಳುವುದು? ಗ್ರೈಂಡರ್ ಆನ್ ಮಾಡಿದೆ.

ಆ ದ್ವೇಷದಲ್ಲಿ ಕೆಲಸ ಚೆನ್ನಾಗಿ ಸಾಗಿತು. ಕೊಳೆತ ತಗಡನ್ನೆಲ್ಲ ಗಟ್ಟಿ ಜಾಗದವರೆಗೂ ಕತ್ತರಿಸಿ ತೆಗೆದೆ. ರವಿಕೆಗೆ ಅಳತೆ ತೆಗೆಯುವ ಹಾಗೆ ಪೇಪರಿನಲ್ಲಿ ಅಳತೆ ಕತ್ತರಿಸಿ, ಅದನ್ನಿಟ್ಟು ಹೊಸ ತಗಡು ಕತ್ತರಿಸಿದೆ. ಬೆಸುಗೆಗೆ ಮಾತ್ರ ವೆಲ್ಡಿಂಗಿನವನನ್ನು ಮನೆಗೇ ಕರೆಸಿದೆ. ಬೆಸುಗೆಯ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಬಾಗಿಲಿನ ತಗ್ಗುಗಳಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಎಮರಿ ಕಾಗದದಲ್ಲಿ ತಿಕ್ಕಿ, ಆಮೇಲೆ ಬಿಳಿ ಬಣ್ಣ. ಚಾಮರಾಜನಗರಕ್ಕೆ ಒಯ್ದು ತೋರಿಸಿದೆ. ಪಾಸಾಯಿತು.

ಸಂಜೆ ಮನೆಗೆ ಬಂದರೆ ಗುಂಡ್ಲುಪೇಟೆಯ ಅಳಿಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ತೊಡೆಯ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ. ನಾನು ಬೀಗದ ಕೈಯನ್ನು ಗೂಟಕ್ಕೆ ಹಾಕಿ ಮುಖ ತೊಳೆದು ಬರುವಷ್ಟರಲ್ಲಿ ಅದು ಅವನ ಕೈಯಲ್ಲಿತ್ತು. ಹಾರ ವ್ಯಾನಿನ ಮೂತಿಯ ಮೇಲಿತ್ತು.

“ಎಫ್‌ಸಿ ಆದ್ರ ನಂದು ಅಂದಿದ್ರಿ” ಎಂದೆ.

“ಅಂದಿದ್ದೆ. ಈಗ ಅಳಿಯಂಗ ಬೇಕಂತ. ನನ್ ಗಾಡಿ, ನನ್ನಿಷ್ಟ” ಎಂದರು ಅತ್ತೆ.

ಅಳಿಯ ಹಲ್ಲು ಬಿಟ್ಟು, “ಚೆನ್ನಾಗಿ ಮಾಡಿದ್ದೀ ಕಣವ್ವ. ನಾಳಿಂದ್ಲೇ ಕೇರಳಕ್ಕ ಊವು ಹೊಡಿತೀನಿ” ಎಂದ.

ನನಗೆ ಕೂಗಾಡಲೂ ಮನಸ್ಸಾಗಲಿಲ್ಲ. ವ್ಯಾನಿನ ಮುಂದೆ ಹೋಗಿ ನಿಂತೆ. ನಮ್ಮ ಕಡೆ ಯಾವುದನ್ನಾದರೂ ಬಾಯ್ತುಂಬ ಹೊಗಳಿದವರು ಕೊನೆಗೆ ಥೂ ಥೂ ಎಂದು ಉಗಿಯಬೇಕು. ಉಗಿಯದೇ ಬಿಟ್ಟರೆ ಕಣ್ಣು ಹಾಕಿದ ಹಾಗೆ. ಮಗುವಾದರೂ ಸರಿ, ಎಮ್ಮೆಯಾದರೂ ಸರಿ. ನಾನು ವ್ಯಾನನ್ನು ಮೂತಿಯಿಂದ ಚಕ್ರದವರೆಗೆ ನಿಧಾನವಾಗಿ ನೋಡಿದೆ.

“ಎಂಥಾ ಗಾಡಿ ಕಣಣ್ಣ! ಊರ್ಲೇ ಇಂಥ ಗಾಡಿ ಇಲ್ಲ. ಬ್ರೇಕು ಅಂದ್ರ ಬ್ರೇಕು. ಕೇರಳ ದಾರಿ ಮದ್ದೂರು ಕಾಡ್ಲಿ ಆನ ಎದುರ್ಗ ಬಂದ್ರೂ ಗಪ್ಪಂತ ನಿಂತದ. ರಾತ್ರ ಒತ್ಲಿ ಓದ್ರೂ ಎಲ್ಲೂ ಕೆಟ್ಟು ನಿಲ್ಲಲ್ಲ. ಟೈರಂತೂ ಸಿಡಿಯಾದೇ ಇಲ್ಲ. ನಿನ್ ಕೈಲಿ ಇನ್ನೂ ಎಷ್ಟು ಚೆಂದಾಗಿ ಓಡ್ತದೋ!”

“ಉಗಿಯಮ್ಮಿ!” ಅತ್ತೆ ಎದ್ದು ನಿಂತರು. “ಉಗುದ್ಬುಡು ಅಂತೀನಿ!”

“ಬಾಯಿ ಒಣಗ್ಬುಟ್ಟದ, ಅತ್ತೆ” ಎಂದೆ.

ಅಳಿಯ ಸುಮ್ಮನೆ ನಕ್ಕ. ನಗು ಅರ್ಧಕ್ಕೇ ನಿಂತಿತು. ವ್ಯಾನಿನ ಸುತ್ತ ಒಂದು ಸುತ್ತು ಬಂದ, ಚಕ್ರ ನೋಡಿದ, ನನ್ನ ಮುಖ ನೋಡಿದ. ಅತ್ತೆ ಉಪ್ಪು ನಿವಾಳಿಸಿ ದಿಷ್ಟಿ ತೆಗೆಯುತ್ತೇನೆ ಎಂದು ಒಳಗೆ ಓಡಿದರು. ಅವರು ಬರುವಷ್ಟರಲ್ಲಿ ಅವನು ಬೀಗದ ಕೈಯನ್ನು ಜಗಲಿಯ ಮೇಲಿಟ್ಟು, “ಬ್ಯಾಡ ಬುಡವ್ವ, ನಂಗ ಎಂಡ್ರು ಮಕ್ಳು ಅವ್ರ” ಎಂದು ನನಗೆ ಹೇಳಿ ಬಸ್ಸಿನ ದಾರಿ ಹಿಡಿದಿದ್ದ. ಹಾರವನ್ನು ಮಾತ್ರ ಬಿಚ್ಚಿಕೊಂಡು ಹೋದ.

ವ್ಯಾನು ನನಗೇ ಉಳಿಯಿತು. ಹೌದು, ಅದರ ಮೇಲೆ ನನಗೆ ಕಣ್ಣಿತ್ತು. ಮದುವೆಯ ದಿನ ಅದರಲ್ಲೇ ಕೂತು ಬಂದಾಗಲೇ ಬಿದ್ದಿತ್ತು. ಅದರಲ್ಲಿ ತಪ್ಪೇನು?

ಅತ್ತೆ ಅಂದಿನಿಂದ ನಾನಿದ್ದ ಕಡೆ ಅನ್ನ ಉಣ್ಣುವುದಿಲ್ಲ. ಅದರಿಂದ ನನಗೇನೂ ನಷ್ಟವಿಲ್ಲ. ಆದರೆ ನನ್ನದು ಕೆಟ್ಟ ಕಣ್ಣು ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ನನ್ನ ಪಕ್ಕದ ಮಿಷನ್ನಿನಲ್ಲಿ ಹೊಲಿಯುವವಳು, ನನ್ನ ಡಬ್ಬಿಯಲ್ಲೇ ಕೈ ಹಾಕಿ ಉಣ್ಣುತ್ತಿದ್ದವಳು, ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಬರತೊಡಗಿದಳು. ಕಾರ್ಖಾನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆಯಿದೆ. ಮೊದಲ ದಿನ ಕೂಸು ವ್ಯಾನಿನ ಹಿಂದಿನ ಸೀಟಿನಲ್ಲಿ ಕಿಲಕಿಲ ನಕ್ಕಿತು. ನಾನು ಕನ್ನಡಿಯಲ್ಲಿ ನೋಡಿದೆ. ಅವಳು ಸೆರಗನ್ನು ಎಳೆದು ಕೂಸಿನ ಮುಖ ಮುಚ್ಚಿದಳು.

ನಾನು ಕನ್ನಡಿಯನ್ನು ಹಿಂದಿನ ರಸ್ತೆ ಮಾತ್ರ ಕಾಣುವ ಹಾಗೆ ಮೇಲಕ್ಕೆ ತಿರುಗಿಸಿದೆ. ದಿನಾ ಬೆಳಿಗ್ಗೆ ಕೂಸು ನನ್ನ ಬೆನ್ನ ಹಿಂದೆಯೇ ಕೂತು ಬದನಗುಪ್ಪೆಗೆ ಬರುತ್ತದೆ. ಅದಕ್ಕೆ ಈಗ ಹಲ್ಲು ಬಂದಿದೆಯಂತೆ. ನಾನು ನೋಡಿಲ್ಲ.