ಸೋಮವಾರ ಮುಚ್ಚಿದ್ದ ಬಾಗಿಲು

ಹೊಲಿಗೆಯಕ್ಕನ ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಒಂದನ್ನೂ ನುಂಗಿದವಳಲ್ಲ. ಶಿರಗುಪ್ಪಿಯ ಕಡೆಯ ನಮ್ಮ ಓಣಿಯ ಹೆಂಗಸರ ಕುಬಸಗಳೆಲ್ಲ ಅವಳ ಕೈಯವೇ. ನನಗೆ ಬಂಧು ಬಳಗ ಏನೂ ಅಲ್ಲ. ಪಕ್ಕದ ಮನೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದರು ಮಿರಜಿನ ಡಾಕ್ಟರು. ಅಳುತ್ತಿರಬಹುದೆಂದು ಚಹಾ ಮಾಡಿಕೊಂಡು ಹೋದರೆ, ಅವಳು ಬಟ್ಟೆಗೆ ಗುರುತು ಹಾಕುವ ಬಳಪದಿಂದ ಬಾಗಿಲ ಹಿಂದೆ ಊರುಗಳ ಹೆಸರು ಬರೆಯುತ್ತಿದ್ದಳು. ಬಾದಾಮಿ, ಐಹೊಳೆ, ವಿಜಯಪುರ, ಕಿತ್ತೂರು, ಹೀಗೆ ಹತ್ತು.

"ಕಣ್ಣು ಹೋಗೂದ್ರಾಗ ಇವಿಷ್ಟೂ ನೋಡಾಕಿ ನಾ. ಹೆಂಗಸರಿಗೆ ಬಸ್ ಪುಕ್ಕಟೆ ಐತಿ. ನೀ ಬರ್ತೀಯೇನ?"

"ಹಾಳು ಕಲ್ಲ ನೋಡಿ ಏನ್ ಮಾಡ್ತಿ ಅಕ್ಕಾ?"

"ನಲವತ್ತು ವರ್ಷ ಮಂದಿ ಬೆನ್ನ ನೋಡೇನಿ. ಅದಕ್ಕಿಂತ ಕಲ್ಲ ಚಲೋ."

ನಾವು ಹೋಗುತ್ತಿದ್ದದ್ದು ಸೋಮವಾರ ಮಾತ್ರ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಾಗಾಗಿ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ನನಗಿರಲಿಲ್ಲ. ಮೊದಲ ಬಸ್ಸಿಗೆ ಅಥಣಿ, ಅಲ್ಲಿಂದ ಮುಂದೆ, ಕೊನೆಯ ಬಸ್ಸಿಗೆ ವಾಪಸು. ಐಹೊಳೆಯ ಕಂಬಗಳಲ್ಲಿದ್ದ ಹೆಂಗಸರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿ, "ಒಬ್ಬಾಕಿಗೂ ಕುಬಸ ಇಲ್ಲ ಬೇ! ಆಗ ನಾ ಹುಟ್ಟಿದ್ರ ಉಪವಾಸ ಸಾಯ್ತಿದ್ದೆ," ಅಂದಳು. ಗಂಡಸರು ತಿರುಗಿ ನೋಡಿದರು. ಅವಳಿಗೆ ಅದರ ಗೊಡವೆ ಇಲ್ಲ.

ಒಂಬತ್ತು ಊರು ಮುಗಿಯುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಆರಿತ್ತು. ಹತ್ತನೆಯದು ದೂರದ ಊರಿನ ಮ್ಯೂಸಿಯಂ. ಅಲ್ಲಿಯ ಕಲ್ಲಿನ ಹೆಂಗಸೊಬ್ಬಳ ಚಿತ್ರ ಅಕ್ಕನ ಹೊಲಿಗೆ ಯಂತ್ರದ ಮೇಲಿನ ಕ್ಯಾಲೆಂಡರಿನಲ್ಲಿತ್ತು. ಆದರೆ ಸೊಂಟದ ಮಟ್ಟಕ್ಕೇ. ಅದರ ಕೆಳಗೆ ತಾರೀಖುಗಳು. ಶಿಲ್ಪಿ ಕಲ್ಲಿನಲ್ಲಿ ಸೀರೆಯ ನೆರಿಗೆಯನ್ನು ಹೇಗೆ ಇಳಿಸಿದ್ದಾನೋ ನೋಡಬೇಕೆಂದು ವರ್ಷಗಟ್ಟಲೆ ಅವಳ ಹಂಬಲ.

ಹೋದರೆ ಗೇಟಿಗೆ ಬೀಗ.

"ಸೋಮವಾರ ರಜಾ ಇರ್ತೈತ್ರಿ ಅಮ್ಮಾರ. ನಾಳೆ ಬರ್ರಿ," ಅಂದ ಕಾವಲುಗಾರ. ಕೋಟೆಗೆ ರಜೆ ಇರಲಿಲ್ಲ, ಗುಡಿಗೆ ಇರಲಿಲ್ಲ. ಇಲ್ಲಿ ಇರುತ್ತದೆಂದು ನಮಗೇನು ಗೊತ್ತು?

ಅಕ್ಕ ಗೇಟಿನ ಸರಳು ಹಿಡಿದು ನಿಂತಳು. "ಇವತ್ತ ಇಲ್ಲೇ ಸ್ಟ್ಯಾಂಡಿನ್ಯಾಗ ಕುಂಡ್ರೂಣ ಬೇ. ಮುಂಜಾನಿ ನೋಡ್ಕೊಂಡ ಹೋಗೂಣ."

"ಎಮ್ಮಿ ಯಾರ ಹಿಂಡ್ತಾರ? ಮುಂದಿನ ವಾರ ಬರೂಣ, ಮಂಗಳವಾರ."

ನನ್ನ ಸೊಸೆಗೆ ಎಮ್ಮೆ ಹಿಂಡಲು ಬರುತ್ತಿತ್ತು. ನನಗೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಕೊಳ್ಳುವುದು ಬೇಡವಾಗಿತ್ತು, ಅಷ್ಟೇ. ಅವಳ ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ.

ಮುಂದಿನ ವಾರ ನಮ್ಮ ಕಬ್ಬಿನ ಕಟಾವು ಬಂತು. ಅದರ ಮುಂದಿನ ವಾರ ಮೊಮ್ಮಗಳಿಗೆ ಜ್ವರ. ಮೂರನೆಯ ವಾರ ಅಕ್ಕ ಬಾಗಿಲ ಚೌಕಟ್ಟು ತಡವುತ್ತ ಹೊರಗೆ ಬಂದು, "ಹೋತ ಬೇ," ಅಂದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆಮೇಲೆ ಕಾಲಿನ ಗಾಯ ಮಾಯದೆ ಹಾಸಿಗೆ ಹಿಡಿದಳು. ಆಗ ಒಂದೇ ಮಾತು: "ನೀ ಹೋಗಿ ನೋಡ್ಕೊಂಡ ಬಂದು ನನಗ ಹೇಳ." ಒಂದು ಮಂಗಳವಾರ ಒಬ್ಬಳೇ ಹೋದೆ. ಆ ಕಲ್ಲಿನ ಮುಂದೆ ಎಷ್ಟೋ ಹೊತ್ತು ನಿಂತೆ. ಮರುದಿನ ಅವಳ ಬದಿಗೆ ಕುಳಿತೆ.

"ನೆರಿಗಿ ಎಷ್ಟ ಹಿಡದಾನ?"

"ಬಾಳ ಅದಾವ."

"ಸಣ್ಣವೋ, ದೊಡ್ಡವೋ? ಪಾದಕ್ಕ ಮುಟ್ಯಾವೇನ?"

"ಕಲ್ಲ ಐತಿ ಅಕ್ಕಾ. ಕರೀ ಕಲ್ಲ."

ಇನ್ನೇನಾದರೂ ಹೇಳುವೆನೆಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಆ ಕಡೆ ಮಗ್ಗುಲಾದಳು. ಎಂಟು ದಿನಕ್ಕೆ ತೀರಿಕೊಂಡಳು.

ಇಪ್ಪತ್ತು ನೆರಿಗೆ ಅದಾವ, ಸಣ್ಣವು, ಪಾದ ಮುಚ್ಚ್ಯಾವ ಎಂದು ಸುಳ್ಳು ಹೇಳಿದ್ದರೂ ಅವಳು ಅದನ್ನೇ ಕಂಡು ಹೋಗುತ್ತಿದ್ದಳು. ಆ ಸುಳ್ಳೂ ನನಗೆ ಹೊಳೆಯಲಿಲ್ಲ.