ಇಸ್ತ್ರಿ ಅಕ್ಕನ ಫ್ರೀ ಬಸ್ಸು

ಇಸ್ತ್ರಿ ಅಕ್ಕ ಊರಾಚೆಯ ಮಾಲ್‌ನಲ್ಲಿ ಒಂದು ಕರವಸ್ತ್ರವನ್ನೂ ಕೊಂಡವಳಲ್ಲ. ಆದರೂ ಪ್ರತಿ ಮಂಗಳವಾರ ಹಳೇ ಪೇಟೆಯ ಮೂಲೆಯಲ್ಲಿ ನಿಂತು, ಮಾಲ್‌ನವರು ಕಳಿಸುವ ಫ್ರೀ ಬಸ್ಸು ಹತ್ತುತ್ತಿದ್ದಳು. ಅವಳ ಮಗಳು ಅಲ್ಲಿನ ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾಲ್‌ನ ಹಿಂಬದಿಯ ಕೆಲಸಗಾರರ ಹಾಸ್ಟೆಲಿನಲ್ಲೇ ವಾಸ. ರಜೆ ಎಂಬುದು ಹೆಸರಿಗಷ್ಟೇ. ಚಹಾ ಬಿಡುವಿನಲ್ಲಿ ತಾಯಿ ಮಗಳು ಸರಕು ಇಳಿಸುವ ಬಾಗಿಲ ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಕೂತರೆ, ಅಕ್ಕನಿಗೆ ವಾರವಿಡೀ ಬದುಕಲು ಅದೇ ಸಾಕಾಗುತ್ತಿತ್ತು.

ಬಸ್ಸಿನಲ್ಲಿ ಉಳಿದವರೂ ಕೊಳ್ಳುವವರೇನಲ್ಲ. ತಂಪಿಗೆ ಹೋಗುವವರು, ಹೊತ್ತು ಕಳೆಯಲು ಹೋಗುವವರು. ಕೊಳ್ಳುವವರೆಲ್ಲ ತಮ್ಮ ತಮ್ಮ ಕಾರಿನಲ್ಲಿ ಹೋಗುತ್ತಿದ್ದರು.

ಒಂದು ದಿನ ಡ್ರೈವರಣ್ಣ ಹೇಳಿದ: "ನೋಡ್ರಪ್ಪಾ, ಮುಂದಿನ ವಾರ ಮ್ಯಾನೇಜರ್ ಬಸ್ ನೋಡೋಕೆ ಬರ್ತಾರಂತೆ. ವಾಪಸ್ ಹೋಗೋರ ಕೈಲಿ ಮಾಲ್ ಚೀಲ ಕಾಣ್ದಿದ್ರೆ ಬಸ್ಸೇ ಬಂದ್."

"ಚೀಲ ತಾನೇ? ಕಾಣಿಸೋಣ ಬಿಡು," ಎಂದಳು ಅಕ್ಕ.

"ಕೊಳ್ಳೋಕೆ ನಿನ್ಹತ್ರ ಏನಿದೆಯಮ್ಮ?" ಎಂದರು ಪಕ್ಕದ ಸೀಟಿನ ಮೇಷ್ಟ್ರು.

"ಚೀಲ ಕಾಣ್ಬೇಕು ಅಂದ್ರು ಮೇಷ್ಟ್ರೇ, ಒಳಗೇನಿರ್ಬೇಕು ಅಂದ್ರಾ?"

ಬಸ್ಸಿಗೆ ಬಸ್ಸೇ ನಕ್ಕಿತು.

ಗಿರಾಕಿಗಳು ಎಸೆದ ಚೀಲಗಳನ್ನು ಮಗಳು ಆಯ್ದು ಕೊಟ್ಟಳು. ತುಂಬಲು ಎಲ್ಲರೂ ಮನೆಯ ಹಳೇ ಬಟ್ಟೆ ತಂದು ಅಕ್ಕನಿಗೆ ಒಪ್ಪಿಸಿದರು. ಮುದುರಿ ತುರುಕಿದ್ದರೆ ಸಾಕಿತ್ತು. ಆದರೆ ಮುದುರಿದ ಬಟ್ಟೆ ಅವಳ ಕೈ ದಾಟಿ ಹೋದದ್ದೇ ಇಲ್ಲ. ನೀರು ಚಿಮುಕಿಸಿ, ಇಸ್ತ್ರಿ ಹಾಕಿ, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಳು.

ಮಂಗಳವಾರ ಹೋಗುವಾಗ ಅವೆಲ್ಲ ಸೀಟಿನಡಿಯ ಗಂಟಿನಲ್ಲಿದ್ದವು. ಮರಳುವ ಹೊತ್ತಿಗೆ ಮಾಲ್‌ನ ಚೀಲ ಸೇರಿ ಎಲ್ಲರ ತೊಡೆಯ ಮೇಲಿದ್ದವು. ಮ್ಯಾನೇಜರ್ ಬಸ್ ಹತ್ತಿದರು. ಮೆತ್ತಗೆ ಮಾತಾಡುವ ಮನುಷ್ಯ. ಮೇಷ್ಟ್ರ ಚೀಲದಿಂದ ಒಂದು ಅಂಗಿ ಎತ್ತಿದರು, ಆಮೇಲೆ ಹಿಂದಿನ ಸೀಟಿನದು, ಆಮೇಲೆ ಇನ್ನೊಂದು. ಎಲ್ಲದರಲ್ಲೂ ಒಂದೇ ಥರದ ಮಡಿಕೆ.

"ಆಹಾ, ಎಷ್ಟು ಚೆನ್ನಾಗಿ ಮಡಚಿದ್ದಾರೆ! ಯಾರ ಕೈಕೆಲಸ ಇದು?"

ಇಷ್ಟು ವರ್ಷದಲ್ಲಿ ಅವಳ ಮಡಿಕೆಯನ್ನು ಯಾರೂ ಹೀಗೆ ಹೊಗಳಿರಲಿಲ್ಲ. "ನಂದೇ ಸ್ವಾಮಿ," ಎಂದುಬಿಟ್ಟಳು.

ಕೊಂಡ ಬಟ್ಟೆಯಲ್ಲವೆಂದು ಗೊತ್ತಾದರೂ ಮ್ಯಾನೇಜರ್ ಬಯ್ಯಲಿಲ್ಲ. ಅಂಗಿಯನ್ನು ಅದರ ಮಡಿಕೆಯಲ್ಲೇ ಇಟ್ಟು ಇಳಿದುಹೋದರು. ಹಳೇ ಪೇಟೆಯಲ್ಲಿ ಅಕ್ಕ ಇಳಿಯುವಾಗ ಡ್ರೈವರಣ್ಣ, "ಮುದುರಿ ತುರುಕಬಾರ್ದಿತ್ತೇನಕ್ಕಾ?" ಎಂದ.

"ಕೈ ಬರಲಿಲ್ಲಣ್ಣ."

ಮರುವಾರ ಬಸ್ಸು ಬರಲಿಲ್ಲ. ಅಕ್ಕ ಎರಡು ಸಿಟಿ ಬಸ್ಸು ಬದಲಾಯಿಸಿ ಹೆದ್ದಾರಿಯ ಅಂಚಿನಲ್ಲಿ ಇಳಿದಳು. ಅಲ್ಲಿಂದ ಮಾಲ್‌ಗೆ ನಡೆದು ಹೋಗುವವರಿಗೆ ದಾರಿಯೇ ಇರಲಿಲ್ಲ. ಕಾರುಗಳ ಗೇಟಿನಲ್ಲಿ ಕಾವಲುಗಾರ ತಡೆದು, ಪಾರ್ಕಿಂಗ್ ಸುತ್ತಿ ಬರಲು ಹೇಳಿದ. ದೇವರೇ, ಬಿಡುವು ಮುಗಿಯದಿರಲಿ ಎಂದುಕೊಳ್ಳುತ್ತಲೇ ಸುತ್ತಿದಳು.

ಬಿಡುವು ಮುಗಿದಿತ್ತು. ಕೆಲಸದ ಹೊತ್ತಿನಲ್ಲಿ ಮನೆಯವರೊಡನೆ ಮಾತಾಡಿದರೆ ಕೆಲಸವೇ ಹೋಗುವ ಜಾಗ ಅದು. ಗಾಜಿನಾಚೆ ಮಗಳು ನೆಲಕ್ಕೆ ಮೊಣಕಾಲೂರಿ ಯಾರದೋ ಕಾಲಿಗೆ ಶೂ ತೊಡಿಸುತ್ತಿದ್ದಳು. ತಲೆ ಎತ್ತಿದಾಗ ಅಮ್ಮ ಕಂಡಳು. ತುಸುವೇ ತಲೆಯಾಡಿಸಿದಳು: ಬರಬೇಡ.

ಮತ್ತೆ ಬಗ್ಗಿ ಲೇಸು ಕಟ್ಟತೊಡಗಿದಳು. ಒಂದು ಕಾಲಿನದು ಮುಗಿಯುವವರೆಗೆ ನಿಂತು ನೋಡಿ, ಅಕ್ಕ ಸಿಟಿ ಬಸ್ಸು ತಪ್ಪೀತೆಂದು ಹೆದ್ದಾರಿಯ ಕಡೆ ಹೊರಟಳು.